ಎರಡನೇ ರೈಲನ್ನು ಹಳಿಗೆ ಇಳಿಸಿ: ಸಿಕ್ಸ್ ಫ್ಲ್ಯಾಗ್ಸ್ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಕಂಪನಿಯ ಮುಖ್ಯಸ್ಥರಾದ ಮಾನ್ಯ ಜಾನ್ ರೈಲಿ ಅವರಿಗೆ, ಆಡಳಿತ ಮಂಡಳಿಯ ಸದಸ್ಯರಿಗೆ, ಸಿಕ್ಸ್ ಫ್ಲ್ಯಾಗ್ಸ್ ಷೇರು ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ಅಮೆರಿಕದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕುಗಳನ್ನು ನಡೆಸುವ ನಿಮ್ಮ ಕಂಪನಿಯ ಒಬ್ಬ ಚಿಕ್ಕ ಷೇರುದಾರ ನಾನು. ಅದಕ್ಕೂ ಮೊದಲು, ಸೀಸನ್ ಪೂರ್ತಿ ಎಷ್ಟು ಸಲ ಬೇಕಾದರೂ ಒಳಗೆ ಬಿಡುವ ಸೀಸನ್ ಪಾಸನ್ನು ವರ್ಷವರ್ಷವೂ ತೆಗೆದುಕೊಳ್ಳುವ ಒಬ್ಬ ಅಪ್ಪ. ಈ ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗೇಟಿನ ಮುಂದೆ ಕ್ಯೂ ನಿಲ್ಲುವವರಲ್ಲಿ ಕನ್ನಡ ಮಾತಾಡುವವರಿದ್ದಾರೆ. ನಿಮ್ಮ ಷೇರು ಕೊಂಡವರಲ್ಲೂ ಇದ್ದಾರೆ. ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ ಅವರ ಜೊತೆಗೂ ಮಾತಾಡಬೇಕು ಅನ್ನಿಸಿತು. ಅವರೂ ಓದಲಿ, ನಿಮ್ಮನ್ನು ಕೇಳಲಿ.

ಮೊದಲು ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ. ಅದು ನಿಮ್ಮ ಪಾರ್ಕ್ ಅಲ್ಲ, ಬೇರೆಯವರದು. ಹೆಸರು ಬೇಡ. ಮೇ ತಿಂಗಳ ಶನಿವಾರ, ಒಳ್ಳೆ ಬಿಸಿಲು. ನಾನು, ನನ್ನ ಮಗ ಒಂದು ರೋಲರ್ ಕೋಸ್ಟರ್ ಕ್ಯೂನಲ್ಲಿ ನಿಂತಿದ್ದೆವು. ಸರಪಳಿ ರೈಲನ್ನು ಮೇಲಕ್ಕೆ ಎಳೆಯುವ ಟಕ್ ಟಕ್ ಸದ್ದು ಕೇಳುತ್ತಿತ್ತು, ಆಮೇಲೆ ಜನರ ಕೂಗು, ಆಮೇಲೆ ಏನೂ ಇಲ್ಲ. ತುಂಬಾ ಹೊತ್ತು ಏನೂ ಇಲ್ಲ. ಹಳಿಯ ಪಕ್ಕದ ಶೆಡ್ಡಿನಲ್ಲಿ ಎರಡನೇ ರೈಲು ಸುಮ್ನೆ ನಿಂತಿತ್ತು. ಅದರ ಸೀಟುಗಳ ಮೇಲೆ ಒಣ ಎಲೆ ಬಿದ್ದಿದ್ದವು. ಮಗ ಕೇಳಿದ, "ಅಪ್ಪಾ, ಅದು ಕೆಟ್ಟಿದ್ಯಾ?" ಕೆಟ್ಟಿರಲಿಲ್ಲ. ಅದನ್ನು ಓಡಿಸಲು ಬೇಕಾದಷ್ಟು ಜನ ಅವತ್ತು ಡ್ಯೂಟಿಯಲ್ಲಿ ಇರಲಿಲ್ಲ, ಅಷ್ಟೆ.

ಪ್ಲಾಟ್‌ಫಾರ್ಮ್ ಮೇಲೆ ಇಬ್ಬರೇ ಇದ್ದರು. ಒಬ್ಬ ಹುಡುಗ ಬಟನ್ ಇರುವ ಪ್ಯಾನೆಲ್ ಮುಂದೆ. ಒಬ್ಬಳು ಹುಡುಗಿ ರೈಲಿನ ಪಕ್ಕ. ಎಡಗಡೆಯ ಸೀಟುಗಳ ಒಂದೊಂದು ಸೇಫ್ಟಿ ಬಾರನ್ನೂ ಒತ್ತಿ, ಒಂದೊಂದು ಬೆಲ್ಟನ್ನೂ ಎಳೆದು ನೋಡಿ, ರೈಲಿನ ತುದಿಗೆ ಹೋಗಿ, ಸುತ್ತಿ ಬಂದು, ಬಲಗಡೆಯದನ್ನೂ ನೋಡಬೇಕು. ಆಮೇಲೆ ಹೆಬ್ಬೆರಳು ಎತ್ತಿ ಸನ್ನೆ ಮಾಡಬೇಕು. ಅಷ್ಟು ಜನ ಬಿಸಿಲಲ್ಲಿ ದುರುಗುಟ್ಟಿ ನೋಡುತ್ತಿದ್ದರೂ ಆ ಹುಡುಗಿ ಒಂದು ಸೀಟನ್ನೂ ಬಿಡಲಿಲ್ಲ. ಅವಳ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಅವಳ ಎದುರು ಬದಿಗೆ ಇನ್ನೊಬ್ಬರು ಇರಬೇಕಿತ್ತು.

ಸ್ವಲ್ಪ ಲೆಕ್ಕ ಹಾಕೋಣ. ರೈಲಿನಲ್ಲಿ 24 ಸೀಟು ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ 2 ನಿಮಿಷ, ಜನ ಇಳಿದು ಹತ್ತಿ ಚೆಕ್ ಮಾಡಲು ಒಂದೂವರೆ ನಿಮಿಷ. ಒಂದೇ ರೈಲಾದರೆ ಗಂಟೆಗೆ 17 ಸುತ್ತು, ಅಂದರೆ ಸುಮಾರು 410 ಜನ. ಎರಡು ರೈಲಾದರೆ ಒಂದು ಓಡುವಾಗ ಇನ್ನೊಂದು ತುಂಬುತ್ತದೆ. ಪ್ರತಿ 2 ನಿಮಿಷಕ್ಕೊಂದು ಬಿಟ್ಟರೂ ಗಂಟೆಗೆ 720 ಜನ. ಅದೇ ಹಳಿ, ಅದೇ ಕಂಬಗಳು, ಹತ್ತಾರು ವರ್ಷದ ಹಿಂದೆ ಹಾಕಿದ ಅದೇ ದುಡ್ಡು. ಹೆಚ್ಚಿಗೆ ಬೇಕಾದದ್ದು ರಜೆಯ ಕೆಲಸಕ್ಕೆ ಬರುವ ಮೂರು ನಾಲ್ಕು ಹುಡುಗರ ಕೂಲಿ. ಅವತ್ತು ನಾವು ಕ್ಯೂನಲ್ಲಿ ನಿಂತದ್ದು ಒಂದೂಮುಕ್ಕಾಲು ಗಂಟೆ. ಒಂದೇ ಗಂಟೆಯಲ್ಲಿ ಮುಗಿಯಬಹುದಿತ್ತು. ಉಳಿದ ಮುಕ್ಕಾಲು ಗಂಟೆಯಲ್ಲಿ ನಾವು ಊಟ ಮಾಡುತ್ತಿದ್ದೆವು, ಐಸ್‌ಕ್ರೀಮ್ ಕೊಳ್ಳುತ್ತಿದ್ದೆವು, ಇನ್ನೊಂದು ರೈಡ್ ಹತ್ತಿ ಖುಷಿಯಾಗಿ ಮನೆಗೆ ಹೋಗುತ್ತಿದ್ದೆವು. ಕ್ಯೂನಲ್ಲಿ ನಿಂತವನ ಕೈ ಜೇಬಿಗೆ ಹೋಗುವುದಿಲ್ಲ ಸ್ವಾಮಿ.

ನೀವು ಬೆಳವಣಿಗೆ ಎಲ್ಲಿದೆ ಅಂತ ಹುಡುಕುತ್ತಿದ್ದೀರಿ. ಆ ಶೆಡ್ಡಿನಲ್ಲಿ ನಿಂತಿದೆ ಅಂತ ನಾನು ನಂಬಿದ್ದೇನೆ. ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಅದನ್ನೇ.

ನಿಮ್ಮ ಕಂಪನಿಯ ಸ್ಥಿತಿ ಗೊತ್ತಿಲ್ಲದೆ ಮಾತಾಡುತ್ತಿಲ್ಲ. 2024ರ ಜುಲೈ 1ರಂದು ಸೀಡರ್ ಫೇರ್ ಅನ್ನುವ ಇನ್ನೊಂದು ಪಾರ್ಕ್ ಕಂಪನಿ ಮತ್ತು ಸಿಕ್ಸ್ ಫ್ಲ್ಯಾಗ್ಸ್ ಒಂದಾದವು. 27 ಅಮ್ಯೂಸ್‌ಮೆಂಟ್ ಪಾರ್ಕ್, 15 ವಾಟರ್ ಪಾರ್ಕ್, 9 ರೆಸಾರ್ಟ್. ಅಮೆರಿಕದ 17 ರಾಜ್ಯ, ಜೊತೆಗೆ ಕೆನಡಾ, ಮೆಕ್ಸಿಕೊ. ಸುಮಾರು 800 ಕೋಟಿ ಡಾಲರಿನ ಕಂಪನಿ ಅಂತ ಹೇಳಿದರು. ಒಂದಾದರೆ ವರ್ಷಕ್ಕೆ 20 ಕೋಟಿ ಡಾಲರ್ ಲಾಭ ಅಂದರು. ಅದರಲ್ಲಿ 12 ಕೋಟಿ ಖರ್ಚು ಉಳಿಸಿ, ಮಿಕ್ಕಿದ್ದು ಆದಾಯ ಹೆಚ್ಚಿಸಿ. ನಾನೂ ನಂಬಿದೆ. ನಂಬಿ ಷೇರು ಕೊಂಡೆ.

2025 ಬಂತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಬಂದವರ ಸಂಖ್ಯೆ 9% ಇಳಿಯಿತು. ಮಳೆ, ಆಮೇಲೆ ವಿಪರೀತ ಸೆಕೆ ಅಂದಿರಿ. ಮಳೆ ಬಂದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಸಿಗೆಯ ಉತ್ತರಾರ್ಧದಲ್ಲಿ ಬಿಸಿಲು ಬಂದಾಗಲೂ ಲೆಕ್ಕ ಸರಿಹೋಗಲಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ 2.11 ಕೋಟಿ ಜನ ಬಂದರು, ಹಿಂದಿನ ವರ್ಷಕ್ಕಿಂತ ಒಂದು ಪರ್ಸೆಂಟ್ ಜಾಸ್ತಿ. ಆದಾಯ ಮಾತ್ರ ಕೆಳಗೆ ಬಂತು. ಬಂದವರು ಒಳಗೆ ಕಡಿಮೆ ಖರ್ಚು ಮಾಡಿದರು. ಅದೇ ಮೂರು ತಿಂಗಳಲ್ಲಿ ಗುಡ್‌ವಿಲ್ ಲೆಕ್ಕದಲ್ಲಿ 150 ಕೋಟಿ ಡಾಲರ್ ಅಳಿಸಿಹಾಕಿದಿರಿ. ವಿಲೀನದ ಹೊತ್ತಿನಲ್ಲಿ ಪಾರ್ಕುಗಳ ಹೆಸರಿಗೆ, ಭರವಸೆಗೆ ಅಂತ ಪುಸ್ತಕದಲ್ಲಿ ಬರೆದುಕೊಂಡ ಬೆಲೆ ಅದು. ಅದನ್ನು ಅಳಿಸುವುದು ಅಂದರೆ ಅವತ್ತಿನ ಭರವಸೆ ಅಷ್ಟು ಬಾಳುವುದಿಲ್ಲ ಅಂತ ನೀವೇ ಒಪ್ಪಿಕೊಂಡ ಹಾಗೆ. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಗಳಿಕೆ ವರ್ಷಕ್ಕೆ 108ರಿಂದ 112 ಕೋಟಿ ಡಾಲರ್ ಆಗುತ್ತದೆ ಅಂತ ವರ್ಷದ ಆರಂಭದಲ್ಲಿ ಹೇಳಿದ್ದಿರಿ. ಆಗಸ್ಟ್‌ನಲ್ಲಿ ಅದು 86ರಿಂದ 91 ಆಯಿತು. ನವೆಂಬರ್‌ನಲ್ಲಿ 78ರಿಂದ 80.5. ತಲೆಯ ಮೇಲೆ ಸುಮಾರು 500 ಕೋಟಿ ಡಾಲರ್ ಸಾಲ ಇದೆ. ಜನ ಬರಲಿ ಬಿಡಲಿ, ಬಡ್ಡಿ ಕಟ್ಟಲೇಬೇಕು.

ಸಾಲ ಈ ಸಂಸ್ಥೆಗೆ ಹೊಸತಲ್ಲ. 1998ರಲ್ಲಿ ಪ್ರೀಮಿಯರ್ ಪಾರ್ಕ್ಸ್ ಅನ್ನುವ ಕಂಪನಿ ಸುಮಾರು 190 ಕೋಟಿ ಡಾಲರ್ ಕೊಟ್ಟು ಸಿಕ್ಸ್ ಫ್ಲ್ಯಾಗ್ಸ್ ಕೊಂಡಿತು. ಆಮೇಲೆ ಸಿಕ್ಕಸಿಕ್ಕ ಪಾರ್ಕ್ ಕೊಂಡು, ಸಾಲ ಮಾಡಿ ದೊಡ್ಡ ದೊಡ್ಡ ಕೋಸ್ಟರ್ ನಿಲ್ಲಿಸಿತು. 2009ರ ಜೂನ್‌ನಲ್ಲಿ ಸುಮಾರು 240 ಕೋಟಿ ಡಾಲರ್ ಸಾಲದ ಭಾರಕ್ಕೆ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಅವತ್ತು ಪಾರ್ಕುಗಳಿಗೆ ಜನ ಬರುತ್ತಲೇ ಇದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಆ ಥರ ಆಗಿತ್ತು.

ಹೊಸ ಉಕ್ಕು ನಿಲ್ಲಿಸುವುದೇ ಬೆಳವಣಿಗೆ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. 456 ಅಡಿ ಎತ್ತರದ ಕಿಂಗ್ಡಾ ಕಾ ಕೋಸ್ಟರ್ ನಿಮ್ಮ ನ್ಯೂಜೆರ್ಸಿ ಪಾರ್ಕಿನಲ್ಲಿ 2005ರಲ್ಲಿ ಶುರುವಾಯಿತು. 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಬೀಳಿಸಬೇಕಾಯಿತು. ಓಹಾಯೊದ ನಿಮ್ಮ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ 420 ಅಡಿಯ ಹಳೆಯ ಕೋಸ್ಟರನ್ನು ಹೊಸದಾಗಿ ಮಾಡಿ 2024ರ ಮೇನಲ್ಲಿ ಬಿಟ್ಟರು. ಒಂದು ವಾರ ಓಡಿತು, ಆ ಸೀಸನ್ ಪೂರ್ತಿ ನಿಂತಿತು. ದೊಡ್ಡ ರೈಡ್ ಬೇಡ ಅಂತ ಹೇಳುತ್ತಿಲ್ಲ. ನನ್ನ ಮಗನಿಗೆ ಅವೇ ಇಷ್ಟ, ನನಗೂ ಇಷ್ಟ. ಆದರೆ ಇರುವ ರೈಡ್‌ಗಳು ಪೂರ್ತಿ ಓಡದೆ ಇರುವಾಗ ಇನ್ನೊಂದನ್ನು ನಿಲ್ಲಿಸಿ ಏನು ಮಾಡುತ್ತೀರಿ?

ಈಗ ಬೆಲೆಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಎಲ್ಲರೂ ಎಡವುವುದು ಇಲ್ಲೇ.

ವಿಲೀನಕ್ಕೆ ಮುಂಚೆ, 2022ರಲ್ಲಿ, ಹಳೆಯ ಸಿಕ್ಸ್ ಫ್ಲ್ಯಾಗ್ಸ್ ಒಂದು ಪ್ರಯೋಗ ಮಾಡಿತು. ಆಗಿನ ಮುಖ್ಯಸ್ಥ ಸೆಲೀಮ್ ಬಸ್ಸೂಲ್ ರಿಯಾಯಿತಿ ಕಡಿಮೆ ಮಾಡಿದರು, ಬೆಲೆ ಏರಿಸಿದರು. ಕಡಿಮೆ ಜನ ಬರಲಿ, ಬಂದವರು ಹೆಚ್ಚು ಕೊಡಲಿ ಅನ್ನುವುದು ಲೆಕ್ಕ. 2021ರಲ್ಲಿ 2.77 ಕೋಟಿ ಜನ ಬಂದಿದ್ದರು. 2022ರಲ್ಲಿ 2.05 ಕೋಟಿ. ಒಂದೇ ವರ್ಷದಲ್ಲಿ 72 ಲಕ್ಷ ಭೇಟಿ ಹೋಯಿತು. ಒಬ್ಬೊಬ್ಬರ ಖರ್ಚು ಏರಿತು, ಸರಿ. ಒಟ್ಟು ಆದಾಯ ಮಾತ್ರ ಸುಮಾರು 150 ಕೋಟಿ ಡಾಲರಿನಿಂದ 136 ಕೋಟಿಗೆ ಬಂತು.

ನ್ಯಾಯವಾಗಿ ಹೇಳಬೇಕು. ಅವರು ರೋಗ ಗುರುತಿಸಿದ್ದು ಸರಿಯಾಗಿತ್ತು. ಕೆಲವು ಪಾರ್ಕುಗಳಲ್ಲಿ ಪಾಸ್ ಎಷ್ಟು ಅಗ್ಗವಾಗಿತ್ತು ಅಂದರೆ, ಕೊಂಡವರಿಗೇ ಅದರ ಬೆಲೆ ಇರಲಿಲ್ಲ. ಜನಸಂದಣಿ, ಕೊಳಕು ಟಾಯ್ಲೆಟ್, ಮುಗಿಯದ ಕ್ಯೂ. ಮದ್ದು ಮಾತ್ರ ತಪ್ಪಿತು. ಮೊದಲು ದಿನವನ್ನು ಚೆನ್ನಾಗಿ ಮಾಡಬೇಕಿತ್ತು, ಆಮೇಲೆ ಬೆಲೆ ಏರಿಸಬೇಕಿತ್ತು. ಅವರು ಬೆಲೆ ಮೊದಲು ಏರಿಸಿದರು. ಇಂಡಿಯಾನಾದ ಹಾಲಿಡೇ ವರ್ಲ್ಡ್ ನೋಡಿ. ಒಂದು ಕುಟುಂಬದ ಪಾರ್ಕ್ ಅದು. 2000ದಿಂದ ಅಲ್ಲಿ ತಂಪು ಪಾನೀಯ ಎಷ್ಟು ಬೇಕಾದರೂ ಫ್ರೀ. ಸನ್‌ಸ್ಕ್ರೀನ್ ಫ್ರೀ, ಪಾರ್ಕಿಂಗ್ ಫ್ರೀ. ಬಿಸಿಲಲ್ಲಿ ಮಗು ನೀರು ಕೇಳಿದರೆ ಅಮ್ಮ ಪರ್ಸ್ ಕಡೆ ನೋಡಬೇಕಾಗಿಲ್ಲ. ಆ ಅಮ್ಮ ಮುಂದಿನ ವರ್ಷವೂ ಬರುತ್ತಾಳೆ, ತಂಗಿಯ ಮಕ್ಕಳನ್ನೂ ಕರೆದುಕೊಂಡು ಬರುತ್ತಾಳೆ. ಪೆನ್ಸಿಲ್ವೇನಿಯಾದ ನೋಬೆಲ್ಸ್ ಪಾರ್ಕಿನಲ್ಲಿ ಒಳಗೆ ಹೋಗಲು ಟಿಕೆಟ್ಟೇ ಇಲ್ಲ, ಹತ್ತಿದ ರೈಡಿಗೆ ಮಾತ್ರ ದುಡ್ಡು. ಅಜ್ಜ ಅಜ್ಜಿ ಸುಮ್ನೆ ಬಂದು ಮೊಮ್ಮಕ್ಕಳನ್ನು ನೋಡುತ್ತಾ ಕೂರಬಹುದು. ಇದನ್ನೇ ನಿಮ್ಮ ಅಷ್ಟೂ ಪಾರ್ಕುಗಳಲ್ಲಿ ಮಾಡಿ ಅನ್ನುತ್ತಿಲ್ಲ, ನಿಮ್ಮ ಸಾಲದಲ್ಲಿ ಅದು ಆಗುವ ಮಾತಲ್ಲ. ಮನೆಯವರ ಮನಸ್ಸು ಎಲ್ಲಿ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿದೆ ಅಂತಷ್ಟೇ ಹೇಳುತ್ತಿದ್ದೇನೆ.

ನೀವು ಡಿಸ್ನಿ ಅಲ್ಲ. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಡಿಸ್ನಿಗೆ ಜನ ವಿಮಾನದಲ್ಲಿ ಹೋಗುತ್ತಾರೆ, ಜೀವನದಲ್ಲಿ ಒಂದೆರಡು ಸಲ. ನಿಮ್ಮಲ್ಲಿಗೆ ಕಾರಿನಲ್ಲಿ ಬರುತ್ತಾರೆ, ಎರಡು ಗಂಟೆಯ ದಾರಿಯಿಂದ, ವರ್ಷಕ್ಕೆ ನಾಲ್ಕು ಸಲ. 1961ರಲ್ಲಿ ಆ್ಯಂಗಸ್ ವಿನ್ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಮೊದಲ ಪಾರ್ಕ್ ತೆರೆದಾಗ ಅವರ ಆಲೋಚನೆ ಇದೇ ಆಗಿತ್ತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಹೋಗಲಾಗದ ಕುಟುಂಬಕ್ಕೆ ಹತ್ತಿರದಲ್ಲೇ ಒಂದು ದಿನದ ಸಂತೋಷ. ಗೇಟಿನಲ್ಲಿ ಒಂದು ಸಲ ದುಡ್ಡು ಕೊಟ್ಟರೆ ಸಾಕು, ಒಳಗೆ ರೈಡಿಗೆ ರೈಡಿಗೆ ಟಿಕೆಟ್ ಇಲ್ಲ.

ಇಂಥ ಪಾರ್ಕಿನ ವ್ಯಾಪಾರ ಏನು ಅಂತ ತಿಳಿಯಬೇಕಾದರೆ ರೈಡಿನ ಬಾಗಿಲಲ್ಲಿ ನಿಲ್ಲಿಸಿರುವ ಎತ್ತರದ ಕೋಲನ್ನು ನೋಡಬೇಕು. ಮಗು 36 ಇಂಚು ಇದ್ದಾಗ ಪುಟ್ಟ ಕಾರು, ಪುಟ್ಟ ದೋಣಿ. 42 ಆದರೆ ಮೊದಲ ಕೋಸ್ಟರ್. 48 ಆದರೆ ದೊಡ್ಡವರ ಜೊತೆ. 54 ಆದರೆ ಯಾವುದಕ್ಕೂ ಅಡ್ಡಿ ಇಲ್ಲ. ನನ್ನ ಮಗ 47 ಇಂಚು ಇದ್ದ ವರ್ಷ ದಪ್ಪ ಅಟ್ಟೆಯ ಬೂಟು ಬೇಕು ಅಂತ ಹಟ ಹಿಡಿದಿದ್ದ. ಕೋಲಿನ ಕೆಳಗೆ ನಿಂತು ಕತ್ತು ಉದ್ದ ಮಾಡಿದ. ಅಲ್ಲಿದ್ದ ಹುಡುಗ ಮಂಡಿಯೂರಿ ಕೂತು, "ಇನ್ನೊಂದು ಸ್ವಲ್ಪ ಅಷ್ಟೆ, ಮುಂದಿನ ವರ್ಷ ನಾನೇ ನಿನ್ನನ್ನು ಹತ್ತಿಸುತ್ತೇನೆ" ಅಂದ. ಮಗ ಅಳಲಿಲ್ಲ. ಆ ಚಳಿಗಾಲ ಪೂರ್ತಿ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಪೆನ್ಸಿಲ್ ಗುರುತು ಹಾಕಿಸಿಕೊಂಡ. ಮಾರ್ಚ್‌ನಲ್ಲಿ ನಮಗೆ ಪಾಸ್ ಮಾರಲು ಯಾವ ಜಾಹೀರಾತೂ ಬೇಕಾಗಲಿಲ್ಲ.

ಒಂದು ಮಗು 36ರಿಂದ 54 ಇಂಚು ಬೆಳೆಯಲು ಸುಮಾರು ಏಳು ವರ್ಷ ಬೇಕು. ಅಷ್ಟು ವರ್ಷ ಒಂದು ಮನೆ ನಿಮ್ಮದು. ಡಿಸ್ನಿಯ ಹಾಗೆ ದೂರದಿಂದ ಜನ ಹೋಗುವ ಡೆಸ್ಟಿನೇಷನ್ ಪಾರ್ಕುಗಳಿಗೆ ಇಂಥ ಭಾಗ್ಯ ಇಲ್ಲ. ಯೂನಿವರ್ಸಲ್‌ನವರಿಗೆ ಇದು ಅರ್ಥವಾಗಿದೆ ಅಂತ ಕಾಣುತ್ತದೆ. 2023ರಲ್ಲೇ ಟೆಕ್ಸಾಸ್‌ನ ಫ್ರಿಸ್ಕೊದಲ್ಲಿ ಚಿಕ್ಕ ಮಕ್ಕಳಿಗಾಗಿಯೇ ಪಾರ್ಕ್ ಮಾಡುತ್ತೇವೆ ಅಂತ ಘೋಷಿಸಿದರು. ಆರ್ಲಿಂಗ್ಟನ್‌ನಿಂದ ಅದೇನು ದೂರ? ಅವರು ನಿಮ್ಮ 36 ಇಂಚಿನ ಮಕ್ಕಳನ್ನು ಕೇಳುತ್ತಿದ್ದಾರೆ.

ಇನ್ನು ಜಾಗದ ಮಾತು. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಮೇರಿಲ್ಯಾಂಡಿನ ಬೋವಿಯಲ್ಲಿದ್ದ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ 2025ರ ನವೆಂಬರ್ 2ರಂದು ಮುಚ್ಚಿತು. ಸುಮಾರು 500 ಎಕರೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿರುವ ಗ್ರೇಟ್ ಅಮೆರಿಕ ಪಾರ್ಕಿನ ಜಾಗವನ್ನು 2022ರಲ್ಲೇ ಸೀಡರ್ ಫೇರ್ 31 ಕೋಟಿ ಡಾಲರಿಗೆ ಪ್ರೊಲಾಜಿಸ್ ಅನ್ನುವ ಗೋದಾಮು ಕಂಪನಿಗೆ ಮಾರಿತು. 1976ರಿಂದ ಇರುವ ಪಾರ್ಕ್ ಈಗ ಗುತ್ತಿಗೆ ನೆಲದ ಮೇಲೆ ನಿಂತಿದೆ. ಸಾಲ ತೀರಿಸಲು ನೆಲ ಮಾರಬೇಕಾಗುತ್ತದೆ, ಅರ್ಥವಾಗುತ್ತದೆ. ಆದರೆ ಹ್ಯೂಸ್ಟನ್‌ನ ನಿಮ್ಮದೇ ಆಸ್ಟ್ರೋವರ್ಲ್ಡ್ ಪಾರ್ಕನ್ನು ನೆನಪಿಸಿಕೊಳ್ಳಿ. 2005ರಲ್ಲಿ ಜಾಗಕ್ಕೆ ಒಳ್ಳೆ ಬೆಲೆ ಬರುತ್ತದೆ ಅಂತ ಅದನ್ನು ಮುಚ್ಚಿದರು. 15 ಕೋಟಿ ಡಾಲರಿನವರೆಗೂ ಬರಬಹುದು ಅಂತ ಲೆಕ್ಕ ಇತ್ತು. ಕೈಗೆ ಬಂದದ್ದು 7.7 ಕೋಟಿ. ಅಮೆರಿಕದ ಅಷ್ಟು ದೊಡ್ಡ ನಗರದಲ್ಲಿ ಇವತ್ತಿಗೂ ನಿಮ್ಮ ಒಂದು ದೊಡ್ಡ ಪಾರ್ಕ್ ಇಲ್ಲ. ಜಾಗದ ಬೆಲೆ ಲೆಕ್ಕ ಹಾಕಿದವರು ಅಲ್ಲಿ ಬೆಳೆಯುತ್ತಿದ್ದ ಮಕ್ಕಳ ಏಳೇಳು ವರ್ಷಗಳ ಪಾಸಿನ ಲೆಕ್ಕ ಹಾಕಲಿಲ್ಲ.

ಆಮೇಲೆ 2025ರಲ್ಲೇ ಇನ್ನೊಂದು ನಿರ್ಧಾರ ಆಯಿತು. ಒಂದೊಂದು ಪಾರ್ಕಿಗೂ ಇದ್ದ ಅಧ್ಯಕ್ಷರ ಹುದ್ದೆ ತೆಗೆದುಹಾಕಿದಿರಿ. ಪೂರ್ಣಾವಧಿ ನೌಕರರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನರನ್ನು ಕೆಲಸದಿಂದ ತೆಗೆದಿರಿ. ಉಳಿತಾಯದ ಪಟ್ಟಿಯಲ್ಲಿ ಅದು ಚೆಂದ ಕಾಣುತ್ತದೆ. ಬೆಳಿಗ್ಗೆ ಹತ್ತಕ್ಕೆ ಆಕಾಶ ನೋಡಿ, ಇವತ್ತು ಜನ ಬರುತ್ತಾರೆ, ಎರಡನೇ ರೈಲು ಇಳಿಸಿ, ಆ ಮುಚ್ಚಿದ ಹೋಟೆಲ್ ಕೌಂಟರ್ ತೆಗೆಯಿರಿ ಅಂತ ಹೇಳುವ ಅಧಿಕಾರ ಯಾರಿಗಿದೆ ಈಗ? ಷಾರ್ಲೆಟ್ ಊರಿನ ಮುಖ್ಯ ಕಚೇರಿಯಲ್ಲಿ ಕೂತವರಿಗೆ ಎರಿ ಸರೋವರದ ಮೇಲಿನ ಮೋಡ ಕಾಣುವುದಿಲ್ಲ. ಸೀಡರ್ ಪಾಯಿಂಟ್ 1870ರಿಂದ ಆ ಸರೋವರದ ದಡದಲ್ಲಿದೆ. ಅಲ್ಲಿಯ ಗಾಳಿಯ ರೀತಿ ಅಲ್ಲಿಯವರಿಗೇ ಗೊತ್ತು.

ಷೇರುದಾರರಿಗೆ ಒಂದು ಮಾತು. 2025ರ ಅಕ್ಟೋಬರ್‌ನಲ್ಲಿ ಜಾನಾ ಪಾರ್ಟ್‌ನರ್ಸ್ ಅನ್ನುವ ಹೂಡಿಕೆ ಸಂಸ್ಥೆ ತನ್ನ ಜೊತೆಗಾರರೊಂದಿಗೆ ನಿಮ್ಮ ಕಂಪನಿಯಲ್ಲಿ ಸುಮಾರು 9% ಪಾಲು ಹಿಡಿದಿದೆ ಅಂತ ಗೊತ್ತಾಯಿತು. ಆ ಗುಂಪಿನಲ್ಲಿ ಕ್ಲೀವ್‌ಲ್ಯಾಂಡ್ ಕಡೆ ಬೆಳೆದ ಫುಟ್‌ಬಾಲ್ ಆಟಗಾರ ಟ್ರಾವಿಸ್ ಕೆಲ್ಸಿ ಕೂಡ ಇದ್ದಾರೆ. ಷೇರು ಬೆಲೆ ಆ ದಿನ ಜಿಗಿಯಿತು. ಖುಷಿ. ಆದರೆ ಇಂಥ ಹೂಡಿಕೆದಾರರು ಬಂದಾಗ ಮಾರಿಬಿಡಿ, ಒಡೆದುಬಿಡಿ, ನೆಲವನ್ನು ಬೇರೆ ಮಾಡಿ ಅನ್ನುವ ಮಾತೂ ಜೊತೆಗೇ ಬರುತ್ತದೆ. ದಯವಿಟ್ಟು ಅವಸರ ಮಾಡಬೇಡಿ. ಪಾರ್ಕ್ ಅನ್ನುವುದು ಒಂದು ತ್ರೈಮಾಸಿಕದ ಬೆಳೆ ಅಲ್ಲ. ಈ ವರ್ಷ ಸಿಬ್ಬಂದಿಗೆ ಹಾಕಿದ ದುಡ್ಡಿಗೆ ಮುಂದಿನ ವರ್ಷದ ಪಾಸ್ ಮಾರಾಟದಲ್ಲಿ ಫಲ ಸಿಗುತ್ತದೆ. ಹಿಂದಿನ ಬೇಸಿಗೆ ಹೇಗಿತ್ತು ಅನ್ನುವ ನೆನಪಿನ ಮೇಲೆ ಜನ ಪಾಸ್ ಕೊಳ್ಳುತ್ತಾರೆ. ಆ ದುಡ್ಡು ಮಳೆ ಬರುವ ಮೊದಲೇ ನಿಮ್ಮ ಕೈಗೆ ಬಂದಿರುತ್ತದೆ. ಮಳೆಯ ವಿರುದ್ಧ ನಿಮಗಿರುವ ಒಂದೇ ಕೊಡೆ ಅದು.

ಜಾನ್ ರೈಲಿ ಅವರೇ, ನೀವು 2025ರ ಡಿಸೆಂಬರ್‌ನಲ್ಲಿ ಬಂದಿರಿ. ಹಳೆಯ ನಿರ್ಧಾರಗಳು ನಿಮ್ಮವಲ್ಲ. ಅದಕ್ಕೇ ನಿಮ್ಮನ್ನು ಕೇಳಲು ಸಲೀಸು. ಪ್ರತಿ ಪಾರ್ಕಿಗೂ ಅಲ್ಲೇ ಇರುವ, ಅಲ್ಲೇ ನಿರ್ಧಾರ ಮಾಡಬಲ್ಲ ಒಬ್ಬರನ್ನು ಮತ್ತೆ ಕೊಡಿ. ಹೆಸರು ಏನಾದರೂ ಇರಲಿ, ಕೈಯಲ್ಲಿ ದುಡ್ಡು ಇರಲಿ. ಹೊಸ ಕೋಸ್ಟರಿಗೆ ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪವನ್ನು ಎರಡು ಬೇಸಿಗೆ ನೆರಳಿಗೆ, ಟಾಯ್ಲೆಟ್ಟಿಗೆ, ಪ್ಲಾಟ್‌ಫಾರ್ಮ್ ಮೇಲಿನ ಹುಡುಗ ಹುಡುಗಿಯರಿಗೆ ಹಾಕಿ. ಅವರಿಗೆ ಅದು ಮೊದಲ ಕೆಲಸ. ಚೆನ್ನಾಗಿ ನಡೆಸಿಕೊಂಡರೆ ಮುಂದಿನ ವರ್ಷ ಅವರೇ ವಾಪಸ್ ಬರುತ್ತಾರೆ, ಹೊಸಬರಿಗೆ ಕಲಿಸುವ ಖರ್ಚೂ ಉಳಿಯುತ್ತದೆ. ಇನ್ನು ಯಾವುದಾದರೂ ಪಾರ್ಕನ್ನು ಬಿಡಲೇಬೇಕು ಅಂತಾದರೆ ಮೊದಲು ಅದನ್ನು ಪಾರ್ಕಾಗಿಯೇ ನಡೆಸುವವರಿಗೆ ಕೊಡಿ. 2025ರಲ್ಲಿ ಹರ್ಶೆಂಡ್ ಕುಟುಂಬದ ಪಾರ್ಕ್ ಕಂಪನಿಯು ಇನ್ನೊಂದು ಕಂಪನಿಯಾದ ಪ್ಯಾಲೇಸ್ ಎಂಟರ್‌ಟೈನ್‌ಮೆಂಟ್‌ನ ಅಮೆರಿಕದ ಪಾರ್ಕುಗಳನ್ನು ಕೊಂಡಿತು. ನಡೆಸುತ್ತೇವೆ ಅನ್ನುವವರು ಇದ್ದಾರೆ.

ಪ್ರತಿ ಮೂರು ತಿಂಗಳಿಗೆ ನೀವು ಲೆಕ್ಕ ಕೊಡುವಾಗ ಎಷ್ಟು ಜನ ಬಂದರು, ತಲೆಗೆ ಎಷ್ಟು ಖರ್ಚು ಮಾಡಿದರು ಅಂತ ಹೇಳುತ್ತೀರಿ. ಇನ್ನೆರಡು ಸಂಖ್ಯೆ ಹೇಳಿ. ಹೋದ ವರ್ಷ ಪಾಸ್ ಇದ್ದ ಮನೆಗಳಲ್ಲಿ ಎಷ್ಟು ಮನೆ ಈ ವರ್ಷ ಮತ್ತೆ ಪಾಸ್ ತೆಗೆದುಕೊಂಡವು? ಪಾರ್ಕ್ ತೆರೆದಿದ್ದ ಗಂಟೆಗಳಲ್ಲಿ ಎಷ್ಟು ಗಂಟೆ ಕೋಸ್ಟರುಗಳು ಪೂರ್ತಿ ರೈಲುಗಳೊಂದಿಗೆ ಓಡಿದವು? ಮೊದಲ ವರ್ಷ ಆ ಸಂಖ್ಯೆ ಕೆಟ್ಟದಾಗಿದ್ದರೂ ಪರವಾಗಿಲ್ಲ. ನಾನು ಷೇರು ಮಾರುವುದಿಲ್ಲ.

ನನ್ನ ಮಗ ಈಗ 53 ಇಂಚು. ಬಾಗಿಲ ಚೌಕಟ್ಟಿನ ಮೇಲೆ ಮೊನ್ನೆ ಭಾನುವಾರ ಗುರುತು ಹಾಕಿದೆವು. ಮೇ ತಿಂಗಳ ಮೊದಲ ಶನಿವಾರ ನಿಮ್ಮ ಪಾರ್ಕಿಗೆ ಬರುತ್ತಿದ್ದೇವೆ.

ಇಂತಿ ನಿಮ್ಮ,
ಒಬ್ಬ ಪಾಸುದಾರ, ಒಬ್ಬ ಷೇರುದಾರ